ಕಾಲೇಜು ಸಂಗ್ರಹಾಲಯದ ಮಾದರಿಗಳಿಗೆ ದಾಖಲೆ ಇಡುವ ಕ್ರಮ

ದಾವಣಗೆರೆ, ಚಿತ್ರದುರ್ಗಗಳ ಹಳೆಯ ಕಾಲೇಜುಗಳಲ್ಲಿ ಕಲ್ಲು, ಕೀಟ, ಒಣಗಿಸಿದ ಗಿಡಗಳ ಸಂಗ್ರಹವಿದ್ದರೆ, ಕಪಾಟು ಜೋಡಿಸುವ ಮೊದಲು ರಟ್ಟು ಕಟ್ಟಿದ ಒಂದು ರಿಜಿಸ್ಟರ್ ತೆರೆಯಬೇಕು. ಬಿಡಿ ಹಾಳೆಗಳ ಫೈಲು ಬೇಡ. ಹಾಳೆ ಕಳಚಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಪುಟಗಳಿಗೆ ಮೊದಲೇ ಅಂಕಿ ಹಾಕಿ, ಪ್ರತಿ ಮಾದರಿಗೂ ಒಂದು ಸಂಖ್ಯೆ ಕೊಡಿ. ಮಾದರಿ ಹಾಳಾದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಕೂಡದು. ಅದೇ ಸಾಲಿನಲ್ಲಿ ‘ನಾಶವಾಗಿದೆ’ ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಬೇಕು.

ಯಾರು ಸಂಗ್ರಹಿಸಿದರು, ಯಾವ ದಿನ, ಎಲ್ಲಿ, ಯಾರು ಗುರುತಿಸಿದರು ಎಂಬ ನಾಲ್ಕು ವಿವರಗಳು ಕಡ್ಡಾಯ. ಇವುಗಳಲ್ಲಿ ಹೆಚ್ಚು ಎಡವಟ್ಟಾಗುವುದು ಸ್ಥಳದ ವಿಷಯದಲ್ಲಿ. ಹರಪನಹಳ್ಳಿಯಲ್ಲಿ ಕಿತ್ತು, ಒಣಗಿಸಿ ಹಾಳೆಗೆ ಅಂಟಿಸಿದ ಒಂದು ಹುಲ್ಲನ್ನೇ ನೋಡಿ: ಆ ತಾಲ್ಲೂಕು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆ ವರ್ಷ ಹೊಸದಾಗಿ ರಚನೆಯಾದ ದಾವಣಗೆರೆಗೆ ಸೇರಿತು, 2018ರಲ್ಲಿ ಮರಳಿ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಈಗ ದಾವಣಗೆರೆ ಜಿಲ್ಲೆಯಲ್ಲಿರುವ ಜಗಳೂರಿನ ಹಳೆಯ ಮಾದರಿಗಳ ಮೇಲೂ ಚಿತ್ರದುರ್ಗ ಜಿಲ್ಲೆ ಎಂದೇ ಇರುತ್ತದೆ. ಅದನ್ನು ತಪ್ಪೆಂದು ಭಾವಿಸಿ ಹೊಡೆದುಹಾಕಬೇಡಿ. ‘ಲೇಬಲ್ಲಿನಲ್ಲಿ ಇದ್ದಂತೆ’ ಎಂಬ ಒಂದು ಕಾಲಂ, ‘ಇಂದಿನ ಜಿಲ್ಲೆ’ ಎಂಬ ಇನ್ನೊಂದು ಕಾಲಂ ಇಡಿ. ಅಕ್ಷಾಂಶ, ರೇಖಾಂಶಗಳನ್ನು ನೀವೇ ನಕ್ಷೆ ನೋಡಿ ಹಾಕಿದ್ದರೆ ಹಾಗೆಂದು ತಿಳಿಸಿ, ಎಷ್ಟು ಕಿಲೋಮೀಟರ್ ಆಚೀಚೆ ಇರಬಹುದೆಂಬುದನ್ನೂ ಬರೆಯಿರಿ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾದ (ನೀರಿನಡಿ ಹೆಪ್ಪುಗಟ್ಟಿ ದಿಂಬಿನ ಆಕಾರ ತಳೆದ ಶಿಲೆಯ) ಹಳೆಯ ತುಂಡೊಂದಕ್ಕೆ ಬರೀ ‘ಚಿತ್ರದುರ್ಗ’ ಎಂದಿದ್ದರೆ, ಅದು ಯಾವ ಬಂಡೆಯದೆಂದು ಮುಂದೆ ಯಾರೂ ಹೇಳಲಾರರು.

ಹೆಸರಿಗೂ ಇದೇ ನಿಯಮ. ಕರಿಜಾಲಿಯ ಹಳೆಯ ಹಾಳೆಗಳಲ್ಲಿ ಅಕೇಸಿಯಾ ನೈಲೋಟಿಕಾ ಎಂದಿದೆ. ಇಂದು ಅದನ್ನು ವಚೆಲಿಯಾ ನೈಲೋಟಿಕಾ ಎನ್ನುತ್ತಾರೆ. ಹಳೆಯ ಚೀಟಿಯನ್ನು ಕೀಳದೆ, ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ, ಗುರುತಿಸಿದವರ ಹೆಸರು ಮತ್ತು ವರ್ಷ ಸೇರಿಸಿ.

ಸ್ಪಿರಿಟ್ ಬಾಟಲಿಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಬಾಲ್ ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗುತ್ತದೆ. ಒಮ್ಮೆ ನಾನು ತೆರೆದ ಬಾಟಲಿಯೊಂದರಲ್ಲಿ ಹಾವಿನ ಮರಿ ಕೆಡದೆ ಉಳಿದಿತ್ತು, ಚೀಟಿ ಮಾತ್ರ ಖಾಲಿಯಾಗಿ, ದ್ರವವೆಲ್ಲ ತಿಳಿನೀಲಿಯಾಗಿತ್ತು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಕಂಪ್ಯೂಟರಿಗೆ ಏರಿಸುವುದು ಇದಾದ ಮೇಲಿನ ಕೆಲಸ. ಎಕ್ಸೆಲ್ ಸಾಕು; ಕಾಲಂಗಳಿಗೆ ಡಾರ್ವಿನ್ ಕೋರ್ ಎಂಬ, ಜೀವಿಗಳ ಮಾಹಿತಿಗಾಗಿ ಎಲ್ಲೆಡೆ ಬಳಸುವ ಮಾನದಂಡದ ಹೆಸರುಗಳನ್ನೇ ಇಟ್ಟರೆ ಬೇರೆ ಸಂಗ್ರಹಾಲಯಗಳೊಂದಿಗೆ ಮಾಹಿತಿ ಹಂಚಿಕೊಳ್ಳುವುದು ಸುಲಭ. ಆದರೆ ಕೊಂಡುಕುರಿಯಂಥ ಸಂರಕ್ಷಿತ ಪ್ರಾಣಿಯ ನಿಖರ ಸ್ಥಳವನ್ನು ಸಾರ್ವಜನಿಕ ಪ್ರತಿಯಲ್ಲಿ ತೋರಿಸಬೇಡಿ. ಅದರ ಕೊಂಬು, ಚರ್ಮಗಳಿದ್ದರೆ 1972ರ ವನ್ಯಜೀವಿ ಕಾಯ್ದೆಯಡಿ ಪಡೆದ ಅನುಮತಿ ಪತ್ರದ ವಿವರವನ್ನೂ ದಾಖಲಿಸಿ.

ವರ್ಷಕ್ಕೊಮ್ಮೆ ರಿಜಿಸ್ಟರಿನಿಂದ ಇಪ್ಪತ್ತು ಸಂಖ್ಯೆಗಳನ್ನು ಆರಿಸಿ ಕಪಾಟಿನಲ್ಲಿ ಹುಡುಕಿ, ಬಳಿಕ ಕಪಾಟಿನಿಂದ ಇಪ್ಪತ್ತು ಮಾದರಿಗಳನ್ನು ತೆಗೆದು ರಿಜಿಸ್ಟರಿನಲ್ಲಿ ಹುಡುಕಿ. ಮೊದಲನೆಯದರಿಂದ ಕಳೆದುಹೋದ ಮಾದರಿ ಗೊತ್ತಾಗುತ್ತದೆ, ಎರಡನೆಯದರಿಂದ ದಾಖಲೆಗೆ ಬಾರದೆ ಉಳಿದದ್ದು.