ಕಡಲ ಹುಳುವಿನ ಜೀನೋಮ್: ತಪ್ಪು ಇದ್ದಿದ್ದು ಒಂದೇ ಸೆಟ್ಟಿಂಗ್‌ನಲ್ಲಿ

ಬೀಸಣಿಗೆ ಹುಳು, ಅಂದರೆ ಸಬೆಲ್ಲಾ ಸ್ಪಲ್ಲಾಂಜಾನಿ, ಮೂಲದಲ್ಲಿ ಮೆಡಿಟರೇನಿಯನ್ ಕಡಲಿನದು. ಹಡಗುಗಳ ತಳಕ್ಕೆ ಅಂಟಿಕೊಂಡು ದೂರ ಹೋಗುತ್ತದೆ. 2008ರಲ್ಲಿ ನ್ಯೂಜಿಲೆಂಡಿನ ಲಿಟಲ್‌ಟನ್ ಬಂದರಿನಲ್ಲೂ ಕಾಣಿಸಿತು. ಇಂಥ ಹುಳು ಎಲ್ಲಿಂದ ಬಂತು ಎಂದು ತಿಳಿಯಲು ಅದರ ಮೈಟೊಕಾಂಡ್ರಿಯಾ ಜೀನೋಮ್ (ಕೋಶಕ್ಕೆ ಶಕ್ತಿ ಕೊಡುವ ಭಾಗದಲ್ಲಿರುವ, ಉಂಗುರದಂಥ ಡಿಎನ್‌ಎ) ತುಂಬಾ ಸಹಾಯ ಮಾಡುತ್ತದೆ.

ಅದನ್ನು ಓದಲು ಹೊರಟಾಗ ಮೊದಲು ಡಿಎನ್‌ಎ ಕೈಕೊಟ್ಟಿತು. ಹುಳುವಿನ ಮೈತುಂಬ ಲೋಳೆ, ಪಿಸಿಆರ್ (ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವುದು) ಆಗಲೇ ಇಲ್ಲ. ಹೊಟ್ಟೆಯ ಭಾಗ ಬಿಟ್ಟು ತಲೆಯ ಗರಿಗಳಿಂದ ಮಾದರಿ ತೆಗೆದೆ, ಲೋಳೆಯಿಂದ ಡಿಎನ್‌ಎ ಬೇರ್ಪಡಿಸುವ ಸಿಟಿಎಬಿ ವಿಧಾನ ಬಳಸಿದೆ. ಸರಿಹೋಯಿತು.

ನಿಜವಾದ ತಲೆನೋವು ಆಮೇಲೆ. ಯಂತ್ರ ಓದಿಕೊಟ್ಟ ಡಿಎನ್‌ಎ ತುಣುಕುಗಳನ್ನು ಜೋಡಿಸಿದೆ, ಉಂಗುರವೂ ಕೂಡಿತು. ಆದರೆ ಜೀನ್‌ಗಳನ್ನು ಪ್ರೋಟೀನ್‌ಗೆ ಅನುವಾದಿಸಿದರೆ ಮಧ್ಯೆ ಮಧ್ಯೆ ನಿಲುಗಡೆ ಸಂಕೇತಗಳು, ಅಂದರೆ ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಮೂರಕ್ಷರಗಳು! ಕೋಶಕೇಂದ್ರದಲ್ಲಿ ಉಳಿದಿರುವ, ಇವೇ ಜೀನ್‌ಗಳ ಹಾಳಾದ ಪ್ರತಿಯನ್ನೇ ಓದಿದ್ದೇನೇನೋ ಎಂದು ಎರಡು ದಿನ ಹೆದರಿದ್ದೆ.

ನಿಂತ ಜಾಗಗಳನ್ನೆಲ್ಲ ಬರೆದಿಟ್ಟು ನೋಡಿದಾಗ ಗೊತ್ತಾಯಿತು: ಎಲ್ಲವೂ ಎಜಿಎ ಅಥವಾ ಎಜಿಜಿ. ಬೆನ್ನುಮೂಳೆ ಇರುವ ಪ್ರಾಣಿಗಳ ಮೈಟೊಕಾಂಡ್ರಿಯಾ ಸಂಕೇತಪಟ್ಟಿಯಲ್ಲಿ (ಪಟ್ಟಿ 2) ಇವು ನಿಲ್ಲು ಎನ್ನುತ್ತವೆ. ಬೆನ್ನುಮೂಳೆ ಇಲ್ಲದವುಗಳ ಪಟ್ಟಿ 5ರಲ್ಲಿ ಇವೇ ಸೆರೀನ್ ಎಂಬ ಅಮೈನೋ ಆಮ್ಲ. ನಾನು ಪಟ್ಟಿ 2 ಆರಿಸಿದ್ದೆ, ಅಷ್ಟೇ. 5ಕ್ಕೆ ಬದಲಿಸಿದ ಕೂಡಲೇ 13 ಪ್ರೋಟೀನ್ ಜೀನ್‌ಗಳೂ ತಡೆಯಿಲ್ಲದೆ ಓದಿಸಿಕೊಂಡವು. ಎಷ್ಟು ಖುಷಿಯಾಯಿತೋ!

ನಿಮಗೂ ಹೀಗಾದರೆ ಮೊದಲು ಯಾವ ಸಂಕೇತಗಳಲ್ಲಿ ನಿಲ್ಲುತ್ತಿದೆ ಅಂತ ಎಣಿಸಿ ನೋಡಿ. ಎರಡೂ ಪಟ್ಟಿಗಳಲ್ಲಿ ನಿಲುಗಡೆಯೇ ಆಗಿರುವ ಟಿಎಎ, ಟಿಎಜಿ ಬಂದರೆ ಮಾತ್ರ ಜೋಡಣೆಯನ್ನು ಅನುಮಾನಿಸಿ.