ಹೃದಯದ ಎಂಆರ್‌ಐ: ಯಾರಿಗೆ ಬೇಕು, ವರದಿಯಲ್ಲಿ ಏನು ನೋಡಬೇಕು

ಯಾವ ತೊಂದರೆಯೂ ಇಲ್ಲದವರು ‘ಒಮ್ಮೆ ನೋಡಿಬಿಡೋಣ’ ಎಂದು ಮಾಡಿಸುವ ಪರೀಕ್ಷೆ ಇದಲ್ಲ. ಅಂಥವರಿಗೆ ಮೊದಲು ಬೇಕಾದದ್ದು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳ ಲೆಕ್ಕ. ರಕ್ತನಾಳದಲ್ಲಿ ಕಟ್ಟಿದ ಕ್ಯಾಲ್ಸಿಯಂ ಅಳೆಯುವುದು ಸಿಟಿ ಸ್ಕ್ಯಾನಿನ ಕೆಲಸ. ಎಂಆರ್‌ಐ ಚೆನ್ನಾಗಿ ತೋರಿಸುವುದು ಹೃದಯದ ಸ್ನಾಯುವನ್ನು: ಅದು ಎಷ್ಟು ಪಂಪ್ ಮಾಡುತ್ತಿದೆ, ಎಲ್ಲಿ ಕಲೆಗಟ್ಟಿದೆ, ಎಲ್ಲಿಗೆ ರಕ್ತ ಸಾಲುತ್ತಿಲ್ಲ. ವೈದ್ಯರ ಚೀಟಿಯಲ್ಲಿ ಇವುಗಳಲ್ಲಿ ಯಾವುದನ್ನು ನೋಡಬೇಕೆಂದು ಸ್ಪಷ್ಟವಾಗಿ ಬರೆದಿರಬೇಕು. ಪ್ರಶ್ನೆ ಬದಲಾದರೆ ತೆಗೆಯುವ ಚಿತ್ರಗಳೂ ಬದಲಾಗುತ್ತವೆ.

ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಸಾಧನ, ಮೆದುಳಿನ ಕ್ಲಿಪ್, ಕಣ್ಣಿಗೆ ಹೊಕ್ಕ ಲೋಹದ ಚೂರು ಇದ್ದರೆ ಮೊದಲೇ ತಿಳಿಸಿ. ಸಾಧನದ ಕಾರ್ಡ್ ತಪ್ಪದೆ ತನ್ನಿ. ಸ್ಟೆಂಟ್ ಸಾಮಾನ್ಯವಾಗಿ ಅಡ್ಡಿಯಲ್ಲ. ಕಿಡ್ನಿಯ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 30ಕ್ಕಿಂತ ಕಡಿಮೆಯಿದ್ದರೆ ಗ್ಯಾಡೋಲಿನಿಯಂ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಚುಚ್ಚುವ ಔಷಧಿ) ಕೊಡಬೇಕೇ, ಯಾವ ಬಗೆಯದು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ರಕ್ತನಾಳ ಹಿಗ್ಗಿಸುವ ಅಡೆನೊಸಿನ್ ಔಷಧಿ ಕೊಟ್ಟು, ಎಲ್ಲಿಗೆ ರಕ್ತ ಸಾಲುತ್ತಿಲ್ಲವೆಂದು ನೋಡುವ ಸ್ಟ್ರೆಸ್ ಪರೀಕ್ಷೆ ಮಾಡುವುದಾದರೆ 24 ಗಂಟೆ ಕಾಫಿ, ಟೀ, ಚಾಕೊಲೇಟ್, ಕೋಲಾ ಬಿಡಿ. ಕೆಫೀನ್ ಈ ಔಷಧಿಯನ್ನು ತಡೆಯುತ್ತದೆ. ರಕ್ತನಾಳ ಹಿಗ್ಗದೆ, ಅಡಚಣೆಯಿದ್ದರೂ ಫಲಿತಾಂಶ ಸರಿಯಿರುವಂತೆ ಕಾಣಬಹುದು. ತೀವ್ರ ಆಸ್ತಮಾ ಇದ್ದವರಿಗೆ ಅಡೆನೊಸಿನ್ ಕೊಡುವುದಿಲ್ಲ.

ಪರೀಕ್ಷೆಗೆ ಸುಮಾರು 45ರಿಂದ 60 ನಿಮಿಷ ಬೇಕು. ಎದೆಗೆ ಇಸಿಜಿ ಪಟ್ಟಿ ಅಂಟಿಸಿ, ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುತ್ತಾರೆ. ‘ಉಸಿರು ಹಿಡಿಯಿರಿ’ ಎಂದಾಗ 10–15 ಸೆಕೆಂಡು ಹಿಡಿಯಬೇಕು. ಸಾಮಾನ್ಯವಾಗಿ ಉಸಿರು ಬಿಟ್ಟ ಮೇಲೆ ಹಿಡಿಯಲು ಹೇಳುತ್ತಾರೆ. ಪ್ರತಿಸಲವೂ ಒಂದೇ ಮಟ್ಟದಲ್ಲಿ ನಿಲ್ಲಿಸದಿದ್ದರೆ ಪದರಗಳು ಒಂದಕ್ಕೊಂದು ಹೊಂದುವುದಿಲ್ಲ, ಅಳತೆ ತಪ್ಪುತ್ತದೆ. ಮನೆಯಲ್ಲೇ ನಾಲ್ಕಾರು ಸಲ ಅಭ್ಯಾಸ ಮಾಡಿ. ಬಡಿತ ತೀರಾ ಏರುಪೇರಾಗಿದ್ದರೂ ಚಿತ್ರ ಮಸುಕಾಗುತ್ತದೆ, ಅದಕ್ಕೆ ಬೇರೆ ವಿಧಾನಗಳಿವೆ.

ಗ್ಯಾಡೋಲಿನಿಯಂ ಕೊಟ್ಟು 10–20 ನಿಮಿಷದ ನಂತರ ತೆಗೆಯುವ ಚಿತ್ರವೇ ಅಪಾಯದ ಲೆಕ್ಕದಲ್ಲಿ ಹೆಚ್ಚು ತೂಕದ್ದು. ಆರೋಗ್ಯವಂತ ಸ್ನಾಯು ಕಪ್ಪಾಗಿ, ಕಲೆ ಬೆಳ್ಳಗೆ ಕಾಣಬೇಕು. ಯಂತ್ರದಲ್ಲಿ ಇನ್ವರ್ಷನ್ ಟೈಮ್ (ಆರೋಗ್ಯವಂತ ಸ್ನಾಯು ಕಪ್ಪಾಗಿ ಕಾಣುವಂತೆ ಹೊಂದಿಸುವ ಸಮಯ) ತಪ್ಪಿದರೆ ಎರಡರ ಅಂತರ ಅಳಿಸಿಹೋಗುತ್ತದೆ, ಹಾಗಾಗಿ ಆಪರೇಟರು ಅದನ್ನು ಆಗಾಗ ಸರಿಪಡಿಸುತ್ತಿರಬೇಕು.

ಇನ್ನು ವರದಿ. ಕಲೆ ಒಳಪದರದಿಂದ ಶುರುವಾಗಿದ್ದರೆ ಹಳೆಯ ಹೃದಯಾಘಾತದ ಗುರುತು. ಅದು ಗೋಡೆಯ ದಪ್ಪದ ಅರ್ಧಕ್ಕಿಂತ ಹೆಚ್ಚಿದ್ದರೆ, ಆ ಭಾಗಕ್ಕೆ ರಕ್ತ ಹರಿಸಿದರೂ ಅದು ಮತ್ತೆ ಚೆನ್ನಾಗಿ ಮಿಡಿಯುವ ಸಾಧ್ಯತೆ ಕಡಿಮೆ. ಹೊರಪದರದಲ್ಲಿದ್ದರೆ ಹೆಚ್ಚಾಗಿ ಸ್ನಾಯುವಿನ ಉರಿಯೂತ. ಸ್ನಾಯು ದಪ್ಪಗಾಗುವ ವಂಶಪಾರಂಪರ್ಯ ಕಾಯಿಲೆಯಲ್ಲಿ ಕಲೆ ಎಡ ಕುಕ್ಷಿಯ (ಹೃದಯದ ಕೆಳಗಿನ ಎಡ ಕೋಣೆಯ) ಸ್ನಾಯುವಿನ ತೂಕದ 15% ಅಥವಾ ಹೆಚ್ಚಾದರೆ ಹಠಾತ್ ಸಾವಿನ ಅಪಾಯ ಏರುತ್ತದೆ. ಇಂಜೆಕ್ಷನ್ ಫ್ರ್ಯಾಕ್ಷನ್ ಎಂದು ತಪ್ಪಾಗಿ ಕೇಳಿಸಿಕೊಳ್ಳುವವರುಂಟು. ಅದು ಎಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಒಂದು ಬಡಿತಕ್ಕೆ ಕುಕ್ಷಿ ಹೊರತಳ್ಳುವ ರಕ್ತದ ಪಾಲು. ಸರಿಯಾದ ಚಿಕಿತ್ಸೆಯ ಮೇಲೂ ಅದು 35% ಅಥವಾ ಕಡಿಮೆಯೇ ಉಳಿದರೆ ಐಸಿಡಿ (ಅಪಾಯಕಾರಿ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಅಳವಡಿಸುವ ಮಾತು ಬರುತ್ತದೆ. ಪದೇಪದೇ ರಕ್ತ ಪಡೆಯುವ ಥಲಸ್ಸೀಮಿಯಾ ರೋಗಿಗಳಿಗೆ ಟಿ2 ಸ್ಟಾರ್ (ಸ್ನಾಯುವಿನಲ್ಲಿ ಕಬ್ಬಿಣ ಹೆಚ್ಚಿದಷ್ಟೂ ಇಳಿಯುವ ಎಂಆರ್‌ಐ ಅಳತೆ) ನೋಡಿ: 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ 20 ಮಿಲಿಸೆಕೆಂಡಿಗಿಂತ ಕಡಿಮೆಯೆಂದರೆ ಹೃದಯದಲ್ಲಿ ಕಬ್ಬಿಣ ಸೇರಿದೆ, 10ಕ್ಕಿಂತ ಕಡಿಮೆಯೆಂದರೆ ಚಿಕಿತ್ಸೆ ಬಿಗಿಮಾಡಲು ತಡಮಾಡಬಾರದು. 3 ಟೆಸ್ಲಾ ಯಂತ್ರಕ್ಕೆ ಈ ಅಂಕಿಗಳು ಹೊಂದುವುದಿಲ್ಲ.