ಓದಿದ ಕಾದಂಬರಿ, ಮುಲಾಜಿಲ್ಲದ ಮಾತು

ಶಿರಸಿಯಲ್ಲಿ ನಾವು ಎಂಟು ಜನ ತಿಂಗಳಿಗೊಂದು ಕಾದಂಬರಿ ಓದಿ, ಒಂದು ಭಾನುವಾರ ಸಂಜೆ ಯಾರದಾದರೂ ಮನೆಯ ಜಗಲಿಯಲ್ಲಿ ಕೂತು ಮಾತಾಡುತ್ತೇವೆ. ಅಲ್ಲಿಯ ಮೊದಲ ಕಡ್ಡಾಯ ಇದು: ಕಾದಂಬರಿ ಹೇಗಿದೆ ಎನ್ನುವ ಮೊದಲು ಹೇಳುವವರು ತಮ್ಮ ರುಚಿ ಎಂಥದ್ದು ಎಂದು ಎರಡು ಮಾತಲ್ಲಿ ತಿಳಿಸಬೇಕು. ನನ್ನದು ಹೀಗೆ: ಉದ್ದುದ್ದ ನಿಸರ್ಗ ವರ್ಣನೆ ಒಗ್ಗುವುದಿಲ್ಲ, ದುಡ್ಡಿನ ಲೆಕ್ಕ ಬರುವ ಕಥೆ ಬಲು ಇಷ್ಟ, ಪಾತ್ರಗಳು ಕೂತು ತತ್ವ ಮಾತಾಡತೊಡಗಿದರೆ ಪುಟ ಹಾರಿಸುತ್ತೇನೆ. ಇಷ್ಟು ಗೊತ್ತಿದ್ದವರು ನನ್ನ ಹೊಗಳಿಕೆಯಲ್ಲೂ ತೆಗಳಿಕೆಯಲ್ಲೂ ಎಷ್ಟು ವಜಾ ಮಾಡಬೇಕೋ ಅಷ್ಟು ಮಾಡಿಕೊಳ್ಳುತ್ತಾರೆ. ರುಚಿ ಮುಚ್ಚಿಟ್ಟು ಅಭಿಪ್ರಾಯ ಹೇಳಿದರೆ ಇಬ್ಬರು ಅರ್ಧ ತಾಸು ವಾದಿಸಿದ ಮೇಲೆ ಗೊತ್ತಾಗುತ್ತದೆ, ಒಬ್ಬರಿಗೆ ಬೇಕಿದ್ದದ್ದು ಕಥೆಯ ಓಟ, ಇನ್ನೊಬ್ಬರಿಗೆ ಬೇಕಿದ್ದದ್ದು ಭಾಷೆ. ಪುಸ್ತಕದ ಮಟ್ಟಿಗೆ ಅವರಲ್ಲಿ ಭಿನ್ನಾಭಿಪ್ರಾಯವೇ ಇರುವುದಿಲ್ಲ.

ಓದುವಾಗಲೇ ಸಿದ್ಧತೆ ಆಗಬೇಕು. ಮುನ್ನುಡಿ, ಬೆನ್ನುಡಿ ಎರಡನ್ನೂ ನಾನು ಕೊನೆಗೆ ಓದುತ್ತೇನೆ. ಕನ್ನಡದ ಎಷ್ಟೋ ಕಾದಂಬರಿಗಳ ಮುನ್ನುಡಿ ಕಥೆಯನ್ನೂ ಹೇಳಿ, ಅದರ ಅರ್ಥವನ್ನೂ ಹೇಳಿ, ಲೇಖಕರ ಬೆನ್ನನ್ನೂ ತಟ್ಟಿ ಮುಗಿಯುತ್ತದೆ. ಅದನ್ನು ಮೊದಲೇ ಓದಿಕೊಂಡವರು ಸಭೆಯಲ್ಲಿ ತಮಗೆ ಗೊತ್ತಿಲ್ಲದಂತೆಯೇ ಮುನ್ನುಡಿಕಾರರ ಮಾತನ್ನು ಒಪ್ಪಿಸುತ್ತಾರೆ. ಆ ಪುಟಗಳನ್ನು ಒಟ್ಟುಮಾಡಿ ಒಂದು ಕಾಗದದ ಪಟ್ಟಿ ಸುತ್ತಿಬಿಡಿ. ಕ್ಲಿಪ್ ಹಾಕಬೇಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಕ್ಲಿಪ್ ತುಕ್ಕು ಹಿಡಿದು ಪುಟಕ್ಕೆ ಕಂದು ಕಲೆ ಬೀಳುತ್ತದೆ, ಆಮೇಲೆ ಅದು ಹೋಗುವುದಿಲ್ಲ. ಗುರುತು ಹಾಕಲು ಪೆನ್ಸಿಲ್ಲೇ ಸರಿ. ಥಂಡಿ ಹಿಡಿದ ಕಾಗದದ ಮೇಲೆ ಜೆಲ್ ಪೆನ್ನಿನ ಶಾಯಿ ಹಬ್ಬಿ ಹಿಂದಿನ ಪುಟವನ್ನೂ ಕೆಡಿಸುತ್ತದೆ.

ಪುಸ್ತಕದೊಳಗೆ ಪೋಸ್ಟ್ ಕಾರ್ಡಿನಷ್ಟು ದೊಡ್ಡ ಒಂದು ದಪ್ಪ ಚೀಟಿ ಇರಬೇಕು. ಅದರಲ್ಲಿ ಬರೆಯುವುದು ಪುಟಸಂಖ್ಯೆ ಮತ್ತು ಒಂದು ಅಕ್ಷರ, ಅಷ್ಟೇ. ನಿಂತು ಎರಡನೇ ಸಲ ಓದಿದ ಜಾಗಕ್ಕೆ 'ನಿ', ಬೇಸರ ಬಂದಲ್ಲಿ 'ಬೇ', ಇದು ನಿಜವಿರಲಿಕ್ಕಿಲ್ಲ ಎಂಬ ಅನುಮಾನ ಬಂದಲ್ಲಿ 'ಅ', ಮಾತುಕತೆ ಕಿವಿಗೆ ಸರಿಯಾಗಿ ಬಿದ್ದಲ್ಲಿ 'ಮಾ'. ವಾಕ್ಯ ಬರೆಯಲು ಹೋದರೆ ಓದು ಅಲ್ಲೇ ನಿಲ್ಲುತ್ತದೆ. 250 ಪುಟದ ಕಾದಂಬರಿಗೆ 20ರಿಂದ 25 ಗುರುತು ಸಾಕು. 60 ದಾಟಿದರೆ ಪರೀಕ್ಷೆಗೆ ಓದಿದಂತೆ ಓದಿದ್ದೇವೆ ಎಂದು ಲೆಕ್ಕ. ಮುಗಿದ ಮೇಲೆ ಚೀಟಿ ನೋಡಿದರೆ ಕಾದಂಬರಿಯ ನಾಡಿ ಸಿಗುತ್ತದೆ. ಸಾಮಾನ್ಯವಾಗಿ 'ಬೇ' ಗುಂಪುಗೂಡುವುದು ನಡುಭಾಗದಲ್ಲಿ. ಪಾತ್ರಗಳನ್ನೆಲ್ಲ ತಂದು ನಿಲ್ಲಿಸಿ ಆಗಿರುತ್ತದೆ, ಕೊನೆ ಏನೆಂದು ಲೇಖಕರಿಗೆ ಗೊತ್ತಿರುತ್ತದೆ, ಅಲ್ಲಿಗೆ ಮುಟ್ಟುವವರೆಗೆ ಮದುವೆ, ಕಾಯಿಲೆ, ಪ್ರಯಾಣ ಅಂತ ಪುಟ ತುಂಬುತ್ತದೆ. 'ಬೋರಾಯಿತು' ಎನ್ನುವುದಕ್ಕೂ '110ರಿಂದ 160ರವರೆಗೆ ಯಾರೂ ಏನನ್ನೂ ನಿರ್ಧರಿಸುವುದೇ ಇಲ್ಲ' ಎನ್ನುವುದಕ್ಕೂ ಇರುವ ಅಂತರ ಈ ಚೀಟಿಯಿಂದ ಬರುತ್ತದೆ.

ಒಂದು ಸಲ ಕೂತರೆ 40 ಪುಟ ನನಗೆ ಹದ. ಓದಿನ ನಡುವೆ ಮೂರು ವಾರಕ್ಕಿಂತ ಹೆಚ್ಚು ಬಿಡುವು ಬಿದ್ದರೆ ಮೊದಲಿಂದ ಶುರುಮಾಡಬೇಕು, ಇಲ್ಲದಿದ್ದರೆ ನಮ್ಮ ಮರೆವನ್ನು ಕಾದಂಬರಿಯ ಗೊಂದಲ ಎಂದು ದೂರುತ್ತೇವೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ನವೆಂಬರಿನಿಂದ ಜನವರಿವರೆಗೆ, ನಮ್ಮ ಬಳಗ 150 ಪುಟದೊಳಗಿನದ್ದನ್ನೇ ಆರಿಸುತ್ತದೆ. ಅಂಗಳದಲ್ಲಿ ಅಡಿಕೆ ಇರುವಾಗ ದಪ್ಪ ಪುಸ್ತಕ ಹಿಡಿದವರ ಅಭಿಪ್ರಾಯ ನಂಬುವಂತಿಲ್ಲ. ದೊಡ್ಡವೆಲ್ಲ ಆಷಾಢದ ಮಳೆಗೆ ಮೀಸಲು.

ಹಿಡಿಸದ್ದನ್ನು 60ನೇ ಪುಟಕ್ಕೆ ಬಿಡಲು ಅಡ್ಡಿಯಿಲ್ಲ. ಆದರೆ 'ಅರವತ್ತಕ್ಕೆ ಬಿಟ್ಟೆ, ಕಾರಣ ಇದು' ಎಂದು ಹೇಳಿ ಅಲ್ಲಿಗೇ ನಿಲ್ಲಬೇಕು. ಬಿಟ್ಟವರು ಅಂತ್ಯದ ಬಗ್ಗೆ ಬಾಯಿ ಹಾಕಬಾರದು.

ಮುಗಿಸಿದ ದಿನವೇ ಪುಸ್ತಕ ತೆರೆಯದೆ ಐದು ಸಾಲು ಬರೆಯುತ್ತೇನೆ. ಎರಡು ವಾರ ಬಿಟ್ಟು, ಮೊದಲಿನದನ್ನು ನೋಡದೆ ಮತ್ತೆ ಐದು ಸಾಲು. ಮೊದಲನೆಯದರಲ್ಲಿ ಕೊನೆಯ ಅಧ್ಯಾಯದ ಬಿಸಿ ಇರುತ್ತದೆ. ಅತ್ತು ಮುಗಿಸಿದ ಪುಸ್ತಕ ದೊಡ್ಡದಾಗಿ ಕಾಣುತ್ತದೆ. ಎರಡನೆಯದರಲ್ಲಿ ಉಳಿಯುವುದು ಒಂದು ದೃಶ್ಯ, ಒಂದು ಹೆಸರು, ಕೆಲವೊಮ್ಮೆ ಏನೂ ಇಲ್ಲ. ಮುಖ್ಯ ಪಾತ್ರದ ಹೆಸರೇ ನೆನಪಾಗದಿದ್ದರೆ ಅದನ್ನೂ ಬರೆಯಿರಿ. ಸಭೆಯಲ್ಲಿ ಎರಡನ್ನೂ ಓದುವುದು ನಮ್ಮ ರೂಢಿ.

ಇನ್ನು ಪರೀಕ್ಷೆಗಳು. ಮೊದಲನೆಯದು ಮಾತಿನದ್ದು. ಯಾವುದಾದರೂ ಸಂಭಾಷಣೆ ತೆಗೆದು, ಯಾರು ಹೇಳಿದ್ದು ಎಂಬುದನ್ನು ಮುಚ್ಚಿ ಗಟ್ಟಿಯಾಗಿ ಓದಿ. ಅಜ್ಜಿ ಯಾರು, ಮೊಮ್ಮಗ ಯಾರು ಎಂದು ಕೇಳುವವರಿಗೆ ತಿಳಿಯದಿದ್ದರೆ ಅಲ್ಲಿ ಮಾತಾಡುತ್ತಿರುವವರು ಲೇಖಕರೊಬ್ಬರೇ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಥೆಯಾದರೆ ಇನ್ನೂ ಒಂದು ನೋಡುತ್ತೇವೆ. ಕಾರವಾರದ ಮನೆಯಲ್ಲಿ ಕೊಂಕಣಿ, ಶಿರಸಿ ಸೀಮೆಯ ತೋಟದ ಮನೆಯಲ್ಲಿ ಹವ್ಯಕ ಕನ್ನಡ, ಅಂಕೋಲೆ ಕಡೆ ಹಾಲಕ್ಕಿ, ನಾಡವ ಸಮುದಾಯಗಳ ಮಾತು ಬೇರೆಬೇರೆ. ಎಲ್ಲರಿಗೂ ಪಠ್ಯಪುಸ್ತಕದ ಕನ್ನಡ ಕೊಟ್ಟರೆ ಅದನ್ನು ತಪ್ಪೆಂದು ನಾನು ಹೇಳುವುದಿಲ್ಲ, ಓದುಗರು ಕೋಲಾರದಲ್ಲೂ ಇರುತ್ತಾರೆ. ನಾನು ಸಿಟ್ಟಾಗುವುದು ಎಲ್ಲಿ ಎಂದರೆ, ನಾಯಕ ಗ್ರಾಂಥಿಕದಲ್ಲಿ ಮಾತಾಡಿ, ಕೆಲಸದವರೂ ನಗೆಪಾತ್ರಗಳೂ ಮಾತ್ರ ಆಡುಮಾತಲ್ಲಿ ಮಾತಾಡುವಲ್ಲಿ. ಅಲ್ಲಿ ಆಡುಮಾತು ಬಂದದ್ದು ನಗಿಸುವುದಕ್ಕೆ.

ಎರಡನೆಯದು ಕಾಲದ ಪರೀಕ್ಷೆ. 1985ರಲ್ಲಿ ಕಾರವಾರದ ನಿಲ್ದಾಣದಲ್ಲಿ ರೈಲಿಂದ ಇಳಿಯುವ ನಾಯಕ ಸಿಕ್ಕರೆ 'ಅ' ಹಾಕಬೇಕು. ಕೊಂಕಣ ರೈಲುಮಾರ್ಗ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದೆವು. 1957ರ ಏಪ್ರಿಲ್‌ಗೆ ಮೊದಲು ಅಂಗಡಿಯಲ್ಲಿ ಆಣೆ, ಪೈ. ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದಿದೆ, ಆಮೇಲಿನ ಕಥೆಯಲ್ಲಿ ಅದರ ಮೇಲೆ ಬಸ್ಸು ಓಡಬಾರದು. ಇವನ್ನು ಹುಡುಕುವ ಚಟ ಹತ್ತಿದರೆ ಓದುವ ಸುಖ ಹೋಗುತ್ತದೆ, ಆದ್ದರಿಂದ ತೂಕ ನೋಡಿ ಹೇಳಬೇಕು. ದಾರಿಹೋಕನ ಕಿಸೆಯಲ್ಲಿ ತಪ್ಪು ನಾಣ್ಯ ಇದ್ದರೆ ಬಿಟ್ಟುಬಿಡಿ. ಆ ರೈಲು ಇಲ್ಲದಿದ್ದರೆ ಕಥೆಯೇ ನಡೆಯುತ್ತಿರಲಿಲ್ಲ ಎಂದಾದರೆ ಬಿಡಬೇಡಿ.

ಮೂರನೆಯದು ಕೆಲಸದ ಪರೀಕ್ಷೆ, ನನಗೆ ಬಹಳ ಪ್ರಿಯವಾದದ್ದು. ಪಾತ್ರ ಏನು ಮಾಡಿ ಊಟ ಮಾಡುತ್ತದೆ? ಅಡಿಕೆ ತೋಟದವನೆಂದು ಮೊದಲ ಪುಟದಲ್ಲಿ ಹೇಳಿ, ಆಮೇಲೆ 200 ಪುಟ ಅವನು ವಿರಹದಲ್ಲೇ ಇದ್ದರೆ ತೋಟವನ್ನು ನೋಡಿಕೊಂಡವರು ಯಾರು? ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಸದಿದ್ದರೆ ಕೊಳೆ ರೋಗ ಬರುತ್ತದೆ, ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸಿಗದಿದ್ದರೆ ಹಣ್ಣಾದದ್ದು ಮರದಡಿಗೆ ಉದುರುತ್ತದೆ. ಕಾದಂಬರಿಯಲ್ಲಿ ಇವೆಲ್ಲ ವಿವರವಾಗಿ ಬರಬೇಕೆಂದಲ್ಲ; ಅವನ ತಲೆಯಲ್ಲಿ ಈ ಚಿಂತೆ ಇದೆ ಎಂದು ಗೊತ್ತಾಗಬೇಕು. ಕರಾವಳಿಯ ಕಥೆಗೂ ಹಾಗೆಯೇ. ಈಗಿನ ಕಾಲದ ಕಥೆಯಲ್ಲಿ ಜುಲೈ ತಿಂಗಳಲ್ಲಿ ಟ್ರಾಲರ್ ಕಡಲಿಗೆ ಹೋದರೆ ಅದಕ್ಕೊಂದು ಕಾರಣ ಬೇಕು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಕಾರಣ ಕೊಟ್ಟರೆ ಅದೇ ಒಳ್ಳೆಯ ಅಧ್ಯಾಯವಾದೀತು.

ಸಭೆಯ ಕ್ರಮ ಹೀಗೆ. ಒಬ್ಬರು ನಾಲ್ಕು ವಾಕ್ಯದಲ್ಲಿ ಕಥೆ ಹೇಳುತ್ತಾರೆ, ಮತ್ತೆ ಯಾರೂ ಕಥೆ ಹೇಳುವಂತಿಲ್ಲ. ಕಥೆ ಬಿಟ್ಟುಕೊಟ್ಟರೆ ರಸ ಹೋಯಿತು ಎಂಬ ಆಕ್ಷೇಪಕ್ಕೆ ನಮ್ಮ ಸೀಮೆಯಲ್ಲಿ ಬೆಲೆಯಿಲ್ಲ. ಕರ್ಣಪರ್ವದ ತಾಳಮದ್ದಳೆಗೆ, ಅಂದರೆ ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನಕ್ಕೆ, ಕೂತವರಿಗೆಲ್ಲ ಕರ್ಣ ಸಾಯುತ್ತಾನೆಂದು ಗೊತ್ತು. ಮರುದಿನ ಎಲೆಅಡಿಕೆಯ ಕವಳ ಹಾಕುತ್ತ ಅವರು ಆಡುವ ಮಾತು, ರಥದ ಗಾಲಿ ಹುಗಿದಾಗ ಕರ್ಣನ ಮಾತಾಡಿದ ಅರ್ಥಧಾರಿ ಏನೆಂದ, ಶಲ್ಯನೆದುರು ಎಲ್ಲಿ ಸೋತ ಎಂಬುದನ್ನು ಕುರಿತದ್ದು. ಕಾದಂಬರಿಗೂ ಅದೇ ನ್ಯಾಯ. ಆಮೇಲೆ ಒಬ್ಬೊಬ್ಬರಿಗೆ ಆರು ನಿಮಿಷ, ಮೊದಲ ಸುತ್ತಿನಲ್ಲಿ ನಡುವೆ ಬಾಯಿ ಹಾಕುವಂತಿಲ್ಲ. ಎಲ್ಲರಿಗಿಂತ ಚಿಕ್ಕವರು ಮೊದಲು, ನಿವೃತ್ತ ಮಾಸ್ತರರು ಕೊನೆಗೆ. ಇದನ್ನು ತಿರುಗಿಸಿದರೆ ಸಭೆ ಅಲ್ಲಿಗೇ ಮುಗಿಯಿತು, ಉಳಿದ ಏಳು ಜನ 'ಮಾಸ್ತರ್ರು ಹೇಳಿದ್ದೇ ಸರಿ' ಎಂದು ಕಷಾಯದ ಲೋಟ ಎತ್ತುತ್ತಾರೆ. 'ಅಡ್ಡಿಲ್ಲೆ', 'ಚೊಲೋ ಇದ್ದು' ಎಂದವರಿಗೆ ಕೇಳುವ ಪ್ರಶ್ನೆ ಒಂದೇ: ಯಾವ ಪುಟ? ಎರಡನೇ ಸುತ್ತು ಜಗಳಕ್ಕೆ. ಒಟ್ಟು ಎರಡು ತಾಸು.

ಈಚೆಗೆ ಓದಿದ ಮೂರರ ಬಗ್ಗೆ ನನ್ನ ಚೀಟಿ ಏನನ್ನುತ್ತದೆ ಎಂದು ಹೇಳುತ್ತೇನೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಯ್ಲಿನ ಕಾಲಕ್ಕೆ ಹೇಳಿಮಾಡಿಸಿದ ಅಳತೆ. ಇರುವೆಗಳ ಕಾಟದ ಹಳೆಯ ಮನೆ, ಬಿಗಿ ಕೈಯ ಸಂಸಾರ, ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಬಂದ ಹಣ. ದುಡ್ಡು ಬಂದ ಮೇಲೆ ಮನೆಯವರ ನಡುವಿನ ಮಾತಿನ ಧಾಟಿ ಬದಲಾಗುವುದನ್ನು ಹಿಡಿದ ರೀತಿಗೆ ನಾನು ಹಾಕಿದಷ್ಟು 'ನಿ' ಇನ್ನಾವುದಕ್ಕೂ ಹಾಕಿಲ್ಲ. ಕಥೆ ಹೇಳುವವನ ಹೆಂಡತಿ ಅನಿತಾಳಿಗೆ ಏನಾಯಿತು ಎಂದು ಕೊನೆಯಲ್ಲಿ ಹೇಳದೆ ಬಿಟ್ಟದ್ದಕ್ಕೆ ಜಗಲಿ ಎರಡು ಪಾಲಾಯಿತು. ನನ್ನ ಪ್ರಕಾರ ಅದು ಸರಿ, ಏಕೆಂದರೆ ಕಥೆ ಹೇಳುವವನು ಮೊದಲಿಂದಲೂ ತನಗೆ ಬೇಡದ್ದನ್ನು ತಿಳಿಯದಂತೆ ನೋಡಿಕೊಂಡವನೇ. ತಕರಾರು ಒಂದಿದೆ: ಕಾಫಿ ಹೌಸಿನ ವಿನ್ಸೆಂಟ್ ಬಾಯಿ ತೆರೆದಾಗಲೆಲ್ಲ ತೂಕದ ಮಾತೇ ಬರುತ್ತದೆ. ಒಮ್ಮೆಯಾದರೂ ಬರಿದೇ ಬಿಲ್ಲು ಕೊಟ್ಟು ಹೋಗಬಾರದೇ?

ಯಶವಂತ ಚಿತ್ತಾಲರ 'ಶಿಕಾರಿ' 1979ರದ್ದು. ಮುಂಬಯಿಯ ಕಂಪನಿಯೊಳಗಿನ ಸಂಚಿಗೆ ಸಿಕ್ಕ ನಾಗಪ್ಪನ ಕಥೆ. ಸ್ವತಃ ಲೇಖಕರು ಕಂಪನಿಯಲ್ಲಿ ದುಡಿದವರಾದ್ದರಿಂದ ಕೆಲಸದ ಪರೀಕ್ಷೆಯಲ್ಲಿ ಇದು ಗೆದ್ದ ಹಾಗೆ ಕನ್ನಡದ ಕಾದಂಬರಿಗಳು ಗೆಲ್ಲುವುದು ಅಪರೂಪ. ಕಚೇರಿಯ ಭಯ ಇಲ್ಲಿ ನಿಜವಾದ ಭಯ. ನಾಗಪ್ಪ ತನ್ನೊಳಗೇ ಮಾತಾಡಿಕೊಳ್ಳುವ ಭಾಗಗಳಲ್ಲಿ ಮಾತ್ರ ನನ್ನ 'ಬೇ' ಸಾಲುಸಾಲಾಗಿ ಬಿದ್ದಿವೆ. ಅದೇ ಅನುಮಾನ, ಅದೇ ಉತ್ತರ, ಮತ್ತೆ ಅದೇ ಅನುಮಾನ. ಭಯದಲ್ಲಿರುವವನ ಮನಸ್ಸು ಹಾಗೇ ಸುತ್ತುತ್ತದೆ ಎಂದು ನಮ್ಮಲ್ಲೊಬ್ಬ ಅಕ್ಕ ವಾದಿಸಿದರು. ಒಪ್ಪಬಹುದಾದ ವಾದ. ಆದರೂ ಓದುವಾಗ ಬಂದ ಬೇಸರ ಬೇಸರವೇ, ಚೀಟಿಯಿಂದ ಅಳಿಸಲಿಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನನ್ನ ರುಚಿಗೆ ವಿರುದ್ಧವಾದ ಪುಸ್ತಕ: ಕಾಡು, ಮಳೆ, ಮತ್ತೆ ಕಾಡು. ಇದನ್ನು ಓದುವವರು ಮೊದಲ ದಿನವೇ ಒಂದು ಹಾಳೆಯಲ್ಲಿ ಮನೆಗಳ ನಕ್ಷೆ ಹಾಕಿಕೊಳ್ಳಬೇಕು. ಸಿಂಬಾವಿ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ, ಹಳೆಮನೆ. ಆಯಾ ಮನೆಯ ಕೆಳಗೆ ಅಲ್ಲಿಯ ಒಡೆಯರು, ಆಳುಗಳು. ಹಾಳೆ ಇಲ್ಲದೆ ಹೊರಟವರು ನೂರು ಪುಟದೊಳಗೆ ದಾರಿ ತಪ್ಪಿ 'ಗೊಂದಲದ ಕಾದಂಬರಿ' ಎನ್ನುತ್ತಾರೆ. ಗುತ್ತಿ ಮತ್ತು 'ಹುಲಿಯ' ಎಂಬ ಅವನ ನಾಯಿ ನಡೆಯುವ ಪುಟಗಳಲ್ಲಿ ಕಾಡು ವರ್ಣನೆಯಾಗಿ ಬರುವುದಿಲ್ಲ, ಕಾಲಿಗೆ ತೊಡರುತ್ತದೆ. ಆದ್ದರಿಂದ ಅಲ್ಲಿ ನನ್ನಂಥವನೂ ಪುಟ ಹಾರಿಸಲಿಲ್ಲ. ಮುಕುಂದಯ್ಯ, ಚಿನ್ನಮ್ಮರ ಪ್ರೇಮಕ್ಕಿಂತ ಐತ, ಪೀಂಚಲುವಿನ ಸಂಸಾರ ನನಗೆ ಹೆಚ್ಚು ಜೀವಂತ ಅನಿಸಿತು. ಹೀಗೆಂದಾಗ ಜಗಲಿಯಲ್ಲಿ ಇಬ್ಬರ ಮುಖ ಗಂಟಾಯಿತು, ಆಗಲಿ.

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಪರಿಚಯದವರ ಕಾದಂಬರಿ. ಬರೆದವರು ಒಂದೋ ನೆಂಟರು, ಇಲ್ಲವೇ ನೆಂಟರ ನೆಂಟರು, ಇಲ್ಲವೇ ಮಗಳಿಗೆ ಕಲಿಸಿದವರು. ಮೊದಲ ಕೆಲಸ, ಗೌರವ ಪ್ರತಿ ತೆಗೆದುಕೊಳ್ಳದೆ ದುಡ್ಡು ಕೊಟ್ಟು ಕೊಳ್ಳುವುದು. ಪುಕ್ಕಟೆ ಬಂದ ಪುಸ್ತಕದ ಋಣ ನಾಲಿಗೆಯ ಮೇಲೆ ಕೂರುತ್ತದೆ. ಎರಡನೆಯದು, ಸಂಬಂಧವನ್ನು ಮೊದಲೇ ಹೇಳಿಬಿಡುವುದು. ಮೂರನೆಯದು, ಲೇಖಕರು ಎದುರೇ ಕೂತಿದ್ದರೆ ಹೇಳಲಾಗದ ಮಾತನ್ನು ಅವರ ಬೆನ್ನ ಹಿಂದೆಯೂ ಹೇಳದಿರುವುದು. ಕೂತಿದ್ದಾಗ ಹೇಳಬಹುದಾದ್ದನ್ನು ನುಂಗದಿರುವುದು. ಕೈಕೊಟ್ಟ ಪುಟವೊಂದು, ಗೆದ್ದ ಪುಟವೊಂದು, ಎರಡಕ್ಕೂ ಸಂಖ್ಯೆ ಕೊಟ್ಟರೆ ಎಂಥ ಲೇಖಕರೂ ಕೇಳಿಸಿಕೊಳ್ಳುತ್ತಾರೆ. 'ನಿಮಗೆ ಬರವಣಿಗೆ ಒಲಿದಿಲ್ಲ' ಎಂದರೆ ಕೇಳಿಸಿಕೊಳ್ಳುವುದಿಲ್ಲ, ಕೇಳಿಸಿಕೊಳ್ಳಬೇಕಾಗಿಯೂ ಇಲ್ಲ, ಅದು ಪುಸ್ತಕದ ಬಗ್ಗೆ ಆಡಿದ ಮಾತಲ್ಲ. ಏನೂ ಹೇಳಲಾಗದ ಸಂಕಟ ಬಂದರೆ 'ಇದರ ಬಗ್ಗೆ ನಾನು ಮಾತಾಡುವುದಿಲ್ಲ' ಎಂದು ಹೊರಗುಳಿಯಬಹುದು. ಸುಳ್ಳು ಹೊಗಳಿಕೆಗಿಂತ ಅದೇ ವಾಸಿ. ಒಮ್ಮೆ ಸುಳ್ಳು ಹೊಗಳಿದವರ ನಿಜವಾದ ಹೊಗಳಿಕೆಯನ್ನು ಮುಂದೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಚ್ಚಿನ ತಪ್ಪುಗಳನ್ನು ಬೇರೆಯೇ ಹೇಳಿ, ಅದು ಪ್ರಕಾಶಕರ ಖಾತೆ. ಅನುವಾದವಾದರೆ ಯಾರ ಅನುವಾದ, ಯಾವ ಭಾಷೆಯಿಂದ ಎಂದು ತಿಳಿಸಿಯೇ ಭಾಷೆಯ ಬಗ್ಗೆ ಮಾತಾಡಿ.

ಚೀಟಿಯನ್ನು ಹರಿದು ಎಸೆಯುವುದಿಲ್ಲ. ಕೊನೆಯ ರಟ್ಟಿನೊಳಗೆ ಸಿಕ್ಕಿಸಿ, ಮುಂದೆ ಓದುವವರಿಗೆ ಪುಸ್ತಕದ ಜೊತೆಗೇ ಹೋಗುತ್ತದೆ. ಅವರು ತಮ್ಮದನ್ನು ಅದರ ಪಕ್ಕದಲ್ಲಿಡುತ್ತಾರೆ. ಹಿಂದಿನವರ ಚೀಟಿಯನ್ನು ಓದುವ ಮೊದಲೇ ನೋಡಿದವರಿಗೆ ಮುಂದಿನ ತಿಂಗಳ ಪುಸ್ತಕ ಎಲ್ಲರದೂ ಆದ ಮೇಲೆ ಸಿಗುತ್ತದೆ.